ಕೆನಡಾ ಪಿಆರ್ ಬಂತು: ಎಲ್ಲರೂ ಒಟ್ಟಿಗೆ ಹೋಗೋದಾ, ಒಬ್ಬರು ಮುಂದೆ ಹೋಗೋದಾ, ಬರೀ ಮುಟ್ಟಿ ಬರೋದಾ?

ಕೆನಡಾದ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಮಂಜೂರಾಗಿ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಂಡು ಬಂದ ದಿನ ಎಲ್ಲರೂ ಅದರ ಫೋಟೋ ಕಳಿಸುತ್ತಾರೆ. ಹಿಂದೆಯೇ ಒಂದು ಪ್ರಶ್ನೆ ಬರುತ್ತದೆ: "ಯಾವ ಊರು ಒಳ್ಳೇದು? ಟೊರೊಂಟೊನಾ, ಕ್ಯಾಲ್ಗರಿನಾ?" ಹೋದ ತಿಂಗಳು ನನ್ನ ಹಳೇ ಆಫೀಸಿನ ಗೆಳೆಯನೂ ಅದನ್ನೇ ಕೇಳಿದ. "ಊರು ಆಮೇಲೆ ನೋಡೋಣ ಮಾರಾಯ, ನಿಮ್ಮ ಮೂವರ ಸಿಓಪಿಆರ್ ಕಾಗದದಲ್ಲಿ ಕೊನೇ ತಾರೀಖು ಏನಿದೆ ಓದು" ಅಂದೆ. ಓದಿದ. ಗಂಡ ಹೆಂಡತಿಗೆ ಒಂದೇ ತಾರೀಖು. ಮಗಳಿಗೆ ಮಾತ್ರ ಎರಡೂವರೆ ತಿಂಗಳು ಮೊದಲೇ. ಅವನು ಅದನ್ನು ಗಮನಿಸಿಯೇ ಇರಲಿಲ್ಲ.

ಊರು ಸರಿ ಹೋಗದಿದ್ದರೆ ಸಾಮಾನು ಕಟ್ಟಿಕೊಂಡು ಬೇರೆ ಊರಿಗೆ ಹೋಗಬಹುದು. ಆದರೆ ಯಾರು ಯಾವಾಗ ಹೋಗಬೇಕು ಅನ್ನೋದರಲ್ಲಿ ತಪ್ಪಿದರೆ ಒಂದು ವರ್ಷ, ಕೆಲವು ಲಕ್ಷ ರೂಪಾಯಿ ಸುಮ್ನೆ ಕೈಬಿಡುತ್ತದೆ. ಹಾಗಾಗಿ ಇಲ್ಲಿ ಜಾಸ್ತಿ ಹೇಳುವುದು ಅದರ ಬಗ್ಗೆಯೇ. ಊರಿನ ಮಾತು ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಮೊದಲು ತಾರೀಖು

ಸಿಓಪಿಆರ್ ಅಂದರೆ ನಿಮಗೆ ಪಿಆರ್ ಮಂಜೂರಾಗಿದೆ ಎಂದು ಹೇಳುವ ಕಾಗದ. ಅದು ಕೈಗೆ ಬಂದ ಮಾತ್ರಕ್ಕೆ ನೀವು ಪಿಆರ್ ಆಗಲಿಲ್ಲ. ಅದರ ಮೇಲಿರುವ ತಾರೀಖಿನೊಳಗೆ ಕೆನಡಾಕ್ಕೆ ಹೋಗಿ, ಅಧಿಕಾರಿಯ ಮುಂದೆ ನಿಂತು ಸಹಿ ಹಾಕಬೇಕು. ಇದಕ್ಕೇ ಲ್ಯಾಂಡಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ ಮೆಡಿಕಲ್ ಮಾಡಿಸಿದ ದಿನದಿಂದ 12 ತಿಂಗಳು ಸಮಯ ಇರುತ್ತದೆ. ಪಾಸ್‌ಪೋರ್ಟ್ ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅದೇ ಕೊನೇ ದಿನ. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಪಾಸ್‌ಪೋರ್ಟ್ ಕೊಡುವುದು 5 ವರ್ಷಕ್ಕೆ ಮಾತ್ರ ಅಲ್ವಾ, ಎಡವಟ್ಟಾಗುವುದು ಅಲ್ಲೇ. ಇನ್ನೂ ಅರ್ಜಿ ಹಾಕುವ ಹಂತದಲ್ಲಿದ್ದರೆ ಮೊದಲು ಮಗುವಿನ ಪಾಸ್‌ಪೋರ್ಟ್ ನವೀಕರಿಸಿಕೊಳ್ಳಿ.

ಇನ್ನೊಂದು ಕಟ್ಟುನಿಟ್ಟಿನ ನಿಯಮ ಇದೆ. ಅರ್ಜಿಯಲ್ಲಿ ಯಾರು ಪ್ರೈಮರಿ ಅಪ್ಲಿಕೆಂಟ್ (ಮುಖ್ಯ ಅರ್ಜಿದಾರ) ಆಗಿದ್ದಾರೋ ಅವರು ಮೊದಲು ಹೋಗಬೇಕು, ಇಲ್ಲವೇ ಮನೆಯವರ ಜೊತೆ ಹೋಗಬೇಕು. ಮನೆಯವರು ಅವರಿಗಿಂತ ಮುಂಚೆ ಹೋಗುವಂತಿಲ್ಲ. ಎಷ್ಟೋ ಮನೆಗಳಲ್ಲಿ ಪಿಆರ್ ಲೆಕ್ಕದಲ್ಲಿ ಹೆಂಡತಿಯ ಅಂಕ ಜಾಸ್ತಿ ಬಂದು ಅವಳೇ ಪ್ರೈಮರಿ ಆಗಿರುತ್ತಾಳೆ. ಆದರೂ "ಮೊದಲು ಗಂಡಸರು ಹೋಗಿ ಮನೆ ಗಿನೆ ನೋಡಲಿ" ಎಂದು ಮಾವನವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಆ ತೀರ್ಮಾನ ನಡೆಯುವುದಿಲ್ಲ.

ಇವೆರಡನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ, ಮೂರು ದಾರಿಗಳಲ್ಲಿ ಒಂದು ತಾನಾಗಿಯೇ ಮುಚ್ಚಿಹೋಗುವುದೂ ಉಂಟು.

ಮುಟ್ಟಿ ಬರುವವರ ಲೆಕ್ಕ

ಬೆಂಗಳೂರಿನ ಆಫೀಸುಗಳಲ್ಲಿ ಸಾಫ್ಟ್ ಲ್ಯಾಂಡಿಂಗ್ ಅನ್ನುವ ಮಾತು ಜಾಸ್ತಿ ಓಡಾಡುತ್ತದೆ. ಎರಡು ವಾರ ರಜೆ ಹಾಕಿ, ಎಲ್ಲರೂ ಹೋಗಿ, ಸಹಿ ಹಾಕಿ, ನಯಾಗರಾ ನೋಡಿ, ವಾಪಸ್ ಬಂದು ಮತ್ತೆ ಕೆಲಸಕ್ಕೆ ಹೋಗುವುದು. ಕೈಯಲ್ಲಿರುವ ಕೆಲಸವೂ ಉಳಿಯಿತು, ಪಿಆರ್ ಕೂಡ ಉಳಿಯಿತು ಅನ್ನುವ ಲೆಕ್ಕ.

ಕಾನೂನಿನಲ್ಲಿ ಇದಕ್ಕೆ ಅಡ್ಡಿ ಇಲ್ಲ. ಪಿಆರ್ ಉಳಿಯಬೇಕಾದರೆ 5 ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಆ ದಿನಗಳು ಒಟ್ಟಿಗೇ ಆಗಬೇಕೆಂದಿಲ್ಲ. ಹೊಸದಾಗಿ ಲ್ಯಾಂಡ್ ಆದವರಿಗೆ ಮೊದಲ 5 ವರ್ಷ ಮುಗಿಯುವುದರೊಳಗೆ 730 ದಿನ ತುಂಬಿಸಲು ಸಾಧ್ಯವಿದೆಯಾ ಎಂದು ನೋಡುತ್ತಾರೆ. ಅಂದರೆ ಮೇಲ್ನೋಟಕ್ಕೆ ಮೂರು ವರ್ಷ ಹೊರಗೆ ಇರಬಹುದು.

ಜನ ಈ ಮೂರು ವರ್ಷವನ್ನು ಬ್ಯಾಂಕಿನಲ್ಲಿಟ್ಟ ಹಣದ ಹಾಗೆ ನೋಡುತ್ತಾರೆ. ನನಗೆ ಅದು ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟಿನ ಹಾಗೆ ಕಾಣುತ್ತದೆ. ಇಟ್ಟಷ್ಟೂ ಹುಳಿ ಏರುತ್ತದೆ. ಮೂರನೇ ವರ್ಷದ ಕೊನೆಗೆ ಹೋದವರು ಆಮೇಲೆ ಎರಡು ವರ್ಷ ಊರ ಕಡೆ ತಲೆ ಹಾಕುವ ಹಾಗಿಲ್ಲ. ಅಪ್ಪನಿಗೆ ಹುಷಾರಿಲ್ಲ ಎಂದು ಒಂದು ತಿಂಗಳು ಬಂದರೆ ಆ ಒಂದು ತಿಂಗಳು ಸಾಲವಾಗಿ ನಿಲ್ಲುತ್ತದೆ. ಪೌರತ್ವ ಬೇಕೆಂದರೆ ಲೆಕ್ಕ ಇನ್ನೂ ದೊಡ್ಡದು: ಅರ್ಜಿಗೆ ಹಿಂದಿನ 5 ವರ್ಷದಲ್ಲಿ 1,095 ದಿನ.

ಇನ್ನು ಪಿಆರ್ ಕಾರ್ಡಿನ ಕಥೆ. ವಿಮಾನ ಹತ್ತಿ ಕೆನಡಾಕ್ಕೆ ಮರಳಬೇಕಾದರೆ ಆ ಕಾರ್ಡ್ ಬೇಕು. ಅದನ್ನು ಕೆನಡಾದ ವಿಳಾಸಕ್ಕೆ ಮಾತ್ರ ಅಂಚೆಯಲ್ಲಿ ಕಳಿಸುತ್ತಾರೆ. ಜಯನಗರಕ್ಕೋ ಕುವೆಂಪುನಗರಕ್ಕೋ ಬರುವುದಿಲ್ಲ. ಲ್ಯಾಂಡ್ ಆದ 180 ದಿನದೊಳಗೆ ವಿಳಾಸ ಕೊಡದಿದ್ದರೆ ಮತ್ತೆ ಅರ್ಜಿ ಹಾಕಿ 50 ಡಾಲರ್ ಕಟ್ಟಬೇಕು. ಗೆಳೆಯರ ಮನೆ ವಿಳಾಸ ಕೊಟ್ಟು ಬರುವವರೇ ಹೆಚ್ಚು. ಆ ಗೆಳೆಯರು ಮನೆ ಬದಲಾಯಿಸಿದರೆ? ಕಾರ್ಡ್ ಕೈ ಸೇರದಿದ್ದರೆ ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಎಂದು ಬೇರೆ ಅರ್ಜಿ ಹಾಕಬೇಕು. ಅಲ್ಲಿ ದಿನಗಳ ಲೆಕ್ಕವನ್ನೂ ಕೇಳುತ್ತಾರೆ.

ಹಾಗಂತ ಈ ದಾರಿ ಯಾರಿಗೂ ಬೇಡ ಅನ್ನುವುದಿಲ್ಲ. ಕೊನೇ ತಾರೀಖು ಹತ್ತಿರ ಬಂದಿದೆ, ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ. ಅಥವಾ ಅಮ್ಮನ ಮಂಡಿ ಆಪರೇಷನ್ ಗೊತ್ತಾಗಿದೆ. ಸೈಟು ಮಾರಾಟದ ಮಾತುಕತೆ ಅರ್ಧದಲ್ಲಿದೆ. ಹೀಗೆ ಮುಗಿಯುವ ದಿನ ಗೊತ್ತಿರುವ ಕಾರಣ ಇದ್ದರೆ ಹೋಗಿ ಮುಟ್ಟಿ ಬನ್ನಿ. "ಮುಂದೆ ನೋಡೋಣ" ಅನ್ನುವುದೊಂದೇ ಕಾರಣವಾದರೆ, ನನ್ನ ಮಟ್ಟಿಗೆ ಅದು ಹೋಗಲು ಮನಸ್ಸಿಲ್ಲ ಎಂದು ಅರ್ಥ. ಅದನ್ನು ಮನೆಯಲ್ಲಿ ಕೂತು ಬಾಯಿಬಿಟ್ಟು ಮಾತಾಡಿಕೊಂಡರೆ ಮೂರು ಜನರ ಹೋಗಿಬರುವ ಟಿಕೆಟ್ ಉಳಿಯುತ್ತದೆ.

ಎಲ್ಲರೂ ಒಟ್ಟಿಗೆ

ಕೈಯಲ್ಲಿ ಕೆನಡಾದ ಕೆಲಸ ಇದ್ದರೆ ಯೋಚನೆಯೇ ಬೇಡ, ಒಟ್ಟಿಗೆ ಹೊರಡಿ. ಮಕ್ಕಳಿಲ್ಲದ ಗಂಡ ಹೆಂಡತಿಗೂ ಇದೇ ಸರಿ. ಇಬ್ಬರೂ ಕೆಲಸ ಹುಡುಕಬಹುದು. ಒಬ್ಬರಿಗೆ ಸಿಕ್ಕಿದರೂ ಅಡಿಗೆಮನೆ ನಡೆಯುತ್ತದೆ. ಒಂಟಾರಿಯೊದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60 ಡಾಲರ್. ಇಬ್ಬರಲ್ಲಿ ಒಬ್ಬರು ಗೋದಾಮಿನಲ್ಲೋ ಅಂಗಡಿಯಲ್ಲೋ ನಿಂತರೆ ಇನ್ನೊಬ್ಬರು ತಮ್ಮ ಓದಿಗೆ ತಕ್ಕ ಕೆಲಸ ಹುಡುಕಬಹುದು. ಗೋದಾಮು, ಅಂಗಡಿಯಂಥ ಕೆಲಸಕ್ಕೆ ಇಲ್ಲಿ ಸರ್ವೈವಲ್ ಜಾಬ್ ಅನ್ನುತ್ತಾರೆ. ಯಾರೂ ಅದನ್ನು ಕೀಳಾಗಿ ನೋಡುವುದಿಲ್ಲ, ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನವರನ್ನು ಬಿಟ್ಟು.

ಮಕ್ಕಳಿರುವವರಿಗೆ ಒಟ್ಟಿಗೆ ಹೋಗುವುದರಲ್ಲಿ ಒಂದು ದೊಡ್ಡ ಲಾಭ ಇದೆ: ಮಕ್ಕಳ ಭತ್ಯೆ. ಕೆನಡಾ ಚೈಲ್ಡ್ ಬೆನಿಫಿಟ್ ಎಂದು ಕರೆಯುವ ಈ ಹಣ 18 ವರ್ಷದೊಳಗಿನ ಮಗು ನಿಮ್ಮ ಜೊತೆ ಅಲ್ಲೇ ವಾಸವಿದ್ದರೆ ಮಾತ್ರ ಸಿಗುತ್ತದೆ. 2025ರ ಜುಲೈನಿಂದ 2026ರ ಜೂನ್‌ವರೆಗಿನ ಲೆಕ್ಕದಲ್ಲಿ 6 ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 7,997 ಡಾಲರ್, 6ರಿಂದ 17ರವರಿಗೆ 6,748 ಡಾಲರ್. ಮನೆಯ ಆದಾಯ ಏರಿದ ಹಾಗೆ ಇದು ಇಳಿಯುತ್ತದೆ. ಕೆನಡಾಕ್ಕೆ ಬರುವ ಮುಂಚಿನ ಆದಾಯವನ್ನೂ ತೋರಿಸಬೇಕು. ಮಗು ಮೈಸೂರಿನಲ್ಲಿ ಅಜ್ಜಿಯ ಜೊತೆ ಇದ್ದರೆ ಇದು ಸಿಗುವುದಿಲ್ಲ.

ಕಷ್ಟ ಎಲ್ಲಿ ಅಂದರೆ ಮೊದಲ ಮನೆಯಲ್ಲಿ. ಬಾಡಿಗೆಗೆ ಕೊಡುವವರು ಕೆಲಸದ ಪತ್ರ ಕೇಳುತ್ತಾರೆ, ಕ್ರೆಡಿಟ್ ಸ್ಕೋರ್ ಕೇಳುತ್ತಾರೆ. ಹೊಸದಾಗಿ ಬಂದವರ ಹತ್ತಿರ ಎರಡೂ ಇರುವುದಿಲ್ಲ. ಒಬ್ಬನೇ ಆದರೆ ಯಾರದೋ ಬೇಸ್‌ಮೆಂಟಿನ ಒಂದು ರೂಮಿನಲ್ಲಿ ಹೇಗೋ ಇರಬಹುದು. ಆರು ವರ್ಷದ ಮಗುವನ್ನು ಕರೆದುಕೊಂಡು, ಆರು ಸೂಟ್‌ಕೇಸ್ ಎಳೆದುಕೊಂಡು, ವಾರಕ್ಕೊಂದು ಮನೆ ನೋಡುತ್ತಾ ಓಡಾಡುವುದು ಬೇರೆ ಮಾತು. ತಂದ ಹಣ ಕಣ್ಣೆದುರೇ ಕರಗುತ್ತದೆ. ಆರು ತಿಂಗಳ ಖರ್ಚಿಗೆ ಆಗುವಷ್ಟು ಇಟ್ಟುಕೊಳ್ಳದೆ ಈ ದಾರಿ ಹಿಡಿಯಬೇಡಿ.

ನಾವು ಮಾಡಿದ್ದು

ನಾವು ಒಟ್ಟಿಗೆ ಇಳಿಯುವುದು, ಒಬ್ಬರು ಮುಂದೆ ಉಳಿಯುವುದು ಎರಡನ್ನೂ ಬೆರೆಸಿದೆವು. ದಸರಾ ರಜೆಯಲ್ಲಿ ಮೂವರೂ ಹೋಗಿ ಟೊರೊಂಟೊದಲ್ಲಿ ಇಳಿದೆವು. ಮೂರು ವಾರದ ನಂತರ ಹೆಂಡತಿ ಮಗಳು ವಾಪಸ್ ಹೋದರು. ನಾನು ಉಳಿದೆ. ಮಗಳು ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿದಳು. ಏಪ್ರಿಲ್‌ನಲ್ಲಿ ಇಬ್ಬರೂ ಬಂದರು.

ಹೀಗೆ ಮಾಡಿದ್ದರಿಂದ ಎಲ್ಲರ ತಾರೀಖೂ ಉಳಿಯಿತು. "ಒಬ್ಬರು ಮುಂದೆ" ಅನ್ನುವ ದಾರಿಯಲ್ಲಿ ಜನ ಮರೆಯುವುದು ಇದನ್ನೇ: ಉಳಿದವರ ಸಿಓಪಿಆರ್‌ಗೂ ಕೊನೇ ದಿನ ಇರುತ್ತದೆ. ನೀವು ಹೋಗಿ ಕೆಲಸ ಹುಡುಕಿ ಕರೆಸಿಕೊಳ್ಳುವಷ್ಟರಲ್ಲಿ ಅದು ದಾಟಿಹೋದರೆ ಮನೆಯವರ ಪಿಆರ್ ಕೈತಪ್ಪುತ್ತದೆ. ಆ ತಾರೀಖಿಗೆ ಇನ್ನೂ ಏಳೆಂಟು ತಿಂಗಳು ಇದ್ದರೆ ಪ್ರೈಮರಿ ಅಪ್ಲಿಕೆಂಟ್ ಒಬ್ಬರೇ ಮೊದಲು ಹೋಗಬಹುದು, ಒಂದು ಸುತ್ತಿನ ಟಿಕೆಟ್ ಉಳಿಯುತ್ತದೆ. ನಮಗೆ ಅಷ್ಟು ಸಮಯ ಇರಲಿಲ್ಲ.

ಇಳಿದ ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಿಯರ್ಸನ್ ವಿಮಾನ ನಿಲ್ದಾಣದ ಇಮಿಗ್ರೇಶನ್ ಕೋಣೆಯಲ್ಲಿ ಒಂದೂವರೆ ಗಂಟೆ ಕೂತಿದ್ದೆವು. ಅಧಿಕಾರಿ ಕೇಳಿದ್ದು ನಾಲ್ಕೇ ಪ್ರಶ್ನೆ. ಎಂದಾದರೂ ಶಿಕ್ಷೆ ಆಗಿದೆಯಾ, ಮನೆಯಲ್ಲಿ ಏನಾದರೂ ಬದಲಾಗಿದೆಯಾ, ಎಷ್ಟು ಹಣ ತಂದಿದ್ದೀರಿ, ಕಾರ್ಡ್ ಯಾವ ವಿಳಾಸಕ್ಕೆ ಕಳಿಸಬೇಕು. ಸಹಿ ಹಾಕಿಸಿಕೊಂಡು "ವೆಲ್‌ಕಮ್ ಹೋಮ್" ಅಂದರು. ಮಗಳು ನಿದ್ದೆಗಣ್ಣಲ್ಲಿ "ಮನೆಗೆ ಬಂದ್ವಾ ಅಪ್ಪ?" ಎಂದು ಕೇಳಿದಳು.

ಆಮೇಲೆ ಕಸ್ಟಮ್ಸ್. ತಂದ ಸಾಮಾನು, ಮುಂದೆ ತರಲಿರುವ ಸಾಮಾನು ಎರಡರದ್ದೂ ಪಟ್ಟಿ ಕೊಡಬೇಕು. ಬಿಎಸ್‌ಎಫ್ 186 ಎಂಬ ಫಾರಂ. ಮುಂದೆ ತರುವುದನ್ನೂ ಮೊದಲ ಸಲ ಇಳಿದಾಗಲೇ ಬರೆದು ಕೊಡಬೇಕು. ಇದು ಮುಟ್ಟಿ ಬರುವವರಿಗೂ ಅನ್ವಯಿಸುತ್ತದೆ. ಲಾಕರಿನಲ್ಲಿ ಬಿಟ್ಟು ಬಂದ ಒಡವೆಯನ್ನು ಎರಡು ವರ್ಷದ ಮೇಲೆ ತರುವುದಾದರೂ ಇವತ್ತಿನ ಪಟ್ಟಿಯಲ್ಲಿ ಅದು ಇರಬೇಕು. ಇಲ್ಲದಿದ್ದರೆ ಆಮೇಲೆ ಸುಂಕದ ತಕರಾರು. ಒಡವೆಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದು, ಅಕ್ಕಸಾಲಿಗರಿಂದ ತೂಕ, ಬೆಲೆ ಬರೆಸಿಕೊಂಡು ಹೋಗಿದ್ದೆವು. ಕಾಸಿನ ಸರವನ್ನು ಇಂಗ್ಲಿಷಿನಲ್ಲಿ ಬರೆಯೋದು ಸುಲಭ. ಅವಲಕ್ಕಿ ಸರವನ್ನು ಏನಂತ ಬರೆಯೋದು? ಗಂಡ ಹೆಂಡತಿ ಅರ್ಧ ರಾತ್ರಿ ಅದಕ್ಕೇ ಜಗಳ ಆಡಿದ್ದೆವು. ಅಧಿಕಾರಿ ಆ ಹೆಸರನ್ನು ನೋಡಲೇ ಇಲ್ಲ, ಫೋಟೋ ನೋಡಿ ಮೊಹರು ಒತ್ತಿದರು. ನಗದು 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೇಳಲೇಬೇಕು. ಹೇಳಿದರೆ ಅದಕ್ಕೆ ಸುಂಕ ಇಲ್ಲ, ಮುಚ್ಚಿಟ್ಟರೆ ತೊಂದರೆ.

ಹೆಂಡತಿ ಬೆಂಗಳೂರಿನಲ್ಲಿ ಆರು ತಿಂಗಳು ಉಳಿದದ್ದರಿಂದ ಆದ ಉಪಯೋಗ ನಮಗೆ ಆಮೇಲೆ ಗೊತ್ತಾಯಿತು. ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬರುವುದಕ್ಕೇ ನಾಲ್ಕು ತಿಂಗಳು ಬೇಕಾಯಿತು. ಹತ್ತು ತಿಂಗಳ ಬಾಡಿಗೆ ಅದು. ಸುಣ್ಣಬಣ್ಣ ಎಂದು ಒಂದಿಷ್ಟು ಹಿಡಿದುಕೊಂಡರು. ನಾವಿಬ್ಬರೂ ಒಟ್ಟಿಗೆ ಹೊರಟುಬಿಟ್ಟಿದ್ದರೆ ಅಷ್ಟೂ ಗೋವಿಂದ. ಸ್ಕೂಟರ್ ಮಾರುವುದು, ಗ್ಯಾಸ್ ವಾಪಸ್ ಮಾಡುವುದು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಿಪಿಎ (ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿಸುವುದು, ಎಲ್ಲಾ ಅವಳೇ ಮುಗಿಸಿದಳು. ಕೆನಡಾದಲ್ಲಿ ಕೂತು ಜಿಪಿಎ ಮಾಡಿಸುವುದು ಇಷ್ಟು ಸುಲಭವಲ್ಲ.

ನನ್ನ ಕಡೆಯ ಆರು ತಿಂಗಳನ್ನು ಸಕ್ಕರೆ ಸವರಿ ಹೇಳುವುದಿಲ್ಲ. ಮಿಸಿಸಾಗಾದ ಒಂದು ಬೇಸ್‌ಮೆಂಟಿನಲ್ಲಿ ತಿಂಗಳಿಗೆ 800 ಡಾಲರ್ ಕೊಟ್ಟು ಒಂದು ರೂಮಿನಲ್ಲಿದ್ದೆ. ಕಿಟಕಿ ಅನ್ನುವುದು ಗೋಡೆಯ ತುದಿಯಲ್ಲಿ ಒಂದು ಅಗಲ ಸೀಳು. ಜನವರಿಯಲ್ಲಿ ಅದನ್ನು ಹಿಮ ಮುಚ್ಚಿಕೊಂಡಿತು. ಬೆಳಗ್ಗೆ ಯಾವುದು, ರಾತ್ರಿ ಯಾವುದು ಗೊತ್ತಾಗುತ್ತಿರಲಿಲ್ಲ. ಭಾನುವಾರ ಸಾರಿನ ಪುಡಿಯ ಡಬ್ಬಿ ತೆಗೆದರೆ ಸಾಕು, ಗಂಟಲು ಕಟ್ಟುತ್ತಿತ್ತು. ಎರಡು ಮನೆಯ ಖರ್ಚು ಬೇರೆ: ಅಲ್ಲಿ ಬಾಡಿಗೆ, ಸ್ಕೂಲ್ ಫೀಸು, ಇಲ್ಲಿ ಬಾಡಿಗೆ, ಬಸ್ ಪಾಸು. ಆರು ತಿಂಗಳಿಗಿಂತ ಹೆಚ್ಚು ಎಳೆಯಬಾರದು. ಒಂದು ವರ್ಷ ಎಳೆದ ಮನೆಗಳನ್ನು ನೋಡಿದ್ದೇನೆ. ಮಗು ವಿಡಿಯೋ ಕಾಲ್‌ಗೆ ಬರುವುದನ್ನೇ ಬಿಟ್ಟಿರುತ್ತದೆ.

ಇನ್ನು ಕಾರ್ಡುಗಳ ಪ್ರಸಂಗ. ಹೆಂಡತಿ ಮಗಳು ಕಾರ್ಡ್ ಇಲ್ಲದೆ ಮರಳಿ ಬರುವ ಹಾಗಿರಲಿಲ್ಲ. ನನ್ನ ಕಾರ್ಡ್ ಡಿಸೆಂಬರ್‌ನಲ್ಲಿ ಬಂತು. ಅವರಿಬ್ಬರದು ಬರಲೇ ಇಲ್ಲ. ದಿನಾ ಮನೆ ಮಾಲೀಕರನ್ನು ಕೇಳುತ್ತಿದ್ದೆ, "ಇಲ್ಲ ಇಲ್ಲ" ಅನ್ನುತ್ತಿದ್ದರು. ಮೂರು ವಾರದ ಮೇಲೆ ಅವರ ಅಡಿಗೆಮನೆಯ ಡ್ರಾಯರಿನಲ್ಲಿ, ಪಿಜ್ಜಾ ಅಂಗಡಿಯ ಕರಪತ್ರಗಳ ಕೆಳಗೆ ಎರಡು ಬಿಳಿ ಲಕೋಟೆ ಸಿಕ್ಕಿದವು. ಹೆಸರು ಬೇರೆ ಬೇರೆ ಇದ್ದದ್ದರಿಂದ ಹಳೇ ಬಾಡಿಗೆದಾರರದ್ದು ಅಂದುಕೊಂಡಿದ್ದರಂತೆ. ತಪ್ಪು ನನ್ನದೂ ಇದೆ. ಮನೆಯವರ ಹೆಸರನ್ನು ಮೊದಲೇ ಬರೆದು ಕೊಡಬೇಕಿತ್ತು. ಸಂಕ್ರಾಂತಿಗೆ ಊರಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಕಳಿಸಿದೆ.

ಏಪ್ರಿಲ್‌ನಲ್ಲಿ ಬರುವುದು ಒಳ್ಳೇದಾ, ಸೆಪ್ಟೆಂಬರ್ ಒಳ್ಳೇದಾ? ಕೆನಡಾದಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ಗೆ. ಹೆಚ್ಚಿನವರು ಆಗಸ್ಟ್ ಕೊನೆಗೆ ಬರುತ್ತಾರೆ. ನನಗೆ ಏಪ್ರಿಲ್ ಒಳ್ಳೇದು ಅನ್ನಿಸಿತು. ಒಂಟಾರಿಯೊದಲ್ಲಿ ಜೂನ್ ಕೊನೆವರೆಗೆ ಶಾಲೆ ನಡೆಯುತ್ತದೆ. ಎರಡು ಎರಡೂವರೆ ತಿಂಗಳು ಮಗು ಕ್ಲಾಸಿನಲ್ಲಿ ಕೂತು ಆ ಇಂಗ್ಲಿಷಿಗೆ ಕಿವಿ ಹೊಂದಿಸಿಕೊಳ್ಳುತ್ತದೆ. ಬೇಸಿಗೆ ರಜೆಗೆ ಆಡಲು ಇಬ್ಬರಾದರೂ ಗೆಳತಿಯರು ಸಿಕ್ಕಿರುತ್ತಾರೆ. ಹಿಮವೂ ಕರಗುತ್ತಿರುತ್ತದೆ. ಕ್ಲಾಸ್ ಮಾತ್ರ ಹುಟ್ಟಿದ ಇಸವಿ ನೋಡಿ ಕೊಡುತ್ತಾರೆ. 2018ರ ನವೆಂಬರ್‌ನಲ್ಲಿ ಹುಟ್ಟಿದ ಮಗು ಕರ್ನಾಟಕದಲ್ಲಿ 2025ರ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರುವುದುಂಟು. ಒಂಟಾರಿಯೊದಲ್ಲಿ ಅದೇ ಮಗು 2025ರ ಸೆಪ್ಟೆಂಬರ್‌ಗೆ ಎರಡನೇ ಗ್ರೇಡ್. ಗಾಬರಿ ಬೇಡ, ಲೆಕ್ಕದಲ್ಲಿ ನಮ್ಮ ಮಕ್ಕಳೇ ಮುಂದೆ ಇರುತ್ತಾರೆ.

ಮದುವೆ ಆಗದ ಹುಡುಗ, ಹುಡುಗಿಯರಿಗೆ

ಇವರ ಆಯ್ಕೆ ಬೇರೆಯೇ. ಪಿಆರ್ ಬಂತು ಅಂದ ಕೂಡಲೇ ಮನೆಯಲ್ಲಿ ಜಾತಕ ಹೊರಗೆ ಬರುತ್ತದೆ. "ಹೋಗೋಕೆ ಮೊದಲೇ ಮದುವೆ ಮುಗಿಸಿಬಿಡೋಣ" ಅನ್ನುತ್ತಾರೆ. ಇಲ್ಲಿ ತುಂಬಾ ಹುಷಾರಾಗಿರಬೇಕು.

ಒಬ್ಬರೇ ಎಂದು ಅರ್ಜಿ ಹಾಕಿ ಸಿಓಪಿಆರ್ ಪಡೆದವರು ಲ್ಯಾಂಡ್ ಆಗುವುದಕ್ಕೆ ಮೊದಲು ಮದುವೆಯಾದರೆ, ಹೊರಡುವ ಮುಂಚೆ ಐಆರ್‌ಸಿಸಿಗೆ (ಕೆನಡಾದ ವಲಸೆ ಇಲಾಖೆಗೆ) ತಿಳಿಸಲೇಬೇಕು. ಫೈಲ್ ಮತ್ತೆ ತೆರೆಯುತ್ತದೆ. ಸಂಗಾತಿಯ ಮೆಡಿಕಲ್, ಪೊಲೀಸ್ ಸರ್ಟಿಫಿಕೇಟ್ ಎಲ್ಲಾ ಬೇಕು. ತೋರಿಸಬೇಕಾದ ಹಣವೂ ಇಬ್ಬರ ಲೆಕ್ಕಕ್ಕೆ ಏರುತ್ತದೆ. ಹೇಳದೆ ಹೋಗಿ ಲ್ಯಾಂಡ್ ಆದರೆ, ಆ ಹೆಂಡತಿಯನ್ನು ಅಥವಾ ಗಂಡನನ್ನು ಮುಂದೆ ಕುಟುಂಬದ ವರ್ಗದಲ್ಲಿ ಸ್ಪಾನ್ಸರ್ ಮಾಡಲು (ಪಿಆರ್ ಕೊಡಿಸಿ ಕರೆಸಿಕೊಳ್ಳಲು) ಸಾಮಾನ್ಯವಾಗಿ ಆಗುವುದಿಲ್ಲ. ಇದು ಬಹಳ ಮನೆಗಳನ್ನು ಅಳಿಸಿರುವ ನಿಯಮ. ನಮ್ಮಲ್ಲಿ ಛತ್ರದ ಮದುವೆಗೆ ಮುಂಚೆ ವೀಸಾಕ್ಕೆ ಬೇಕಾಗುತ್ತದೆ ಎಂದು ರಿಜಿಸ್ಟರ್ ಮಾಡಿಸಿಬಿಡುತ್ತಾರಲ್ಲ, ಆ ದಿನವೇ ಮದುವೆ ಆದ ಲೆಕ್ಕ. ನಿಶ್ಚಿತಾರ್ಥಕ್ಕೆ ಅಡ್ಡಿ ಇಲ್ಲ.

ಇನ್ನೊಂದು ದಾರಿ: ಮೊದಲು ಲ್ಯಾಂಡ್ ಆಗಿ, ಬಂದು ಮದುವೆಯಾಗಿ, ಆಮೇಲೆ ಸ್ಪಾನ್ಸರ್ ಮಾಡುವುದು. ಇದು ನೇರವಾದ ದಾರಿ. ಆದರೆ ಪಿಆರ್ ಇರುವವರು ಸ್ಪಾನ್ಸರ್ ಮಾಡಬೇಕಾದರೆ ಕೆನಡಾದಲ್ಲೇ ವಾಸವಿರಬೇಕು. ಹೊಸ ಮದುಮಗ ಅಲ್ಲಿ, ಮದುಮಗಳು ಇಲ್ಲಿ, ಎಷ್ಟೋ ತಿಂಗಳು. ಕೊನೇ ತಾರೀಖು ಹತ್ತಿರವಿದ್ದು ಹುಡುಗಿ ಇನ್ನೂ ಗೊತ್ತಾಗಿಲ್ಲ ಅಂದರೆ ಸುಮ್ನೆ ಹೊರಟುಬಿಡಿ. ಹುಡುಗಿ ಗೊತ್ತಾಗಿದ್ದು, ಸಮಯವೂ ಇದ್ದರೆ ಇಬ್ಬರೂ ಕೂತು ನಿರ್ಧರಿಸಿ. ಹುಡುಗಿಯ ಮನೆಯವರಿಗೆ ಈ ಕಾಯುವಿಕೆಯನ್ನು ನಿಶ್ಚಿತಾರ್ಥದ ಮುಂಚೆಯೇ ಹೇಳುವುದು ಮರ್ಯಾದೆ.

ದಾರಿ ಬದಲಾದರೆ ಹಣದ ಲೆಕ್ಕವೂ ಬದಲಾಗುತ್ತದೆ

ಮುಟ್ಟಿ ಬಂದವರು ಅಲ್ಲಿ ಮನೆ ಮಾಡದೆ ವಾಪಸ್ ಬಂದರೆ ಸಾಮಾನ್ಯವಾಗಿ ಕೆನಡಾದ ತೆರಿಗೆ ನಿವಾಸಿ ಆಗುವುದಿಲ್ಲ. ನೆಲೆಸಲು ಹೋದವರು ಆಗುತ್ತಾರೆ. ಆವತ್ತಿನಿಂದ ಬೆಂಗಳೂರಿನ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಲ್ಲಿ ತೋರಿಸಬೇಕು. ಒಂದು ಅನುಕೂಲವೂ ಇದೆ. ನೀವು ನಿವಾಸಿ ಆದ ದಿನ ನಿಮ್ಮ ಸೈಟು, ಷೇರು, ಮ್ಯೂಚುವಲ್ ಫಂಡ್‌ಗಳಿಗೆ ಏನು ಬೆಲೆ ಇತ್ತೋ ಅದೇ ನೀವು ಕೊಂಡ ಬೆಲೆ ಎಂದು ಕೆನಡಾ ಲೆಕ್ಕ ಹಿಡಿಯುತ್ತದೆ. 2009ರಲ್ಲಿ 8 ಲಕ್ಷಕ್ಕೆ ಕೊಂಡ ಸೈಟು ನೀವು ಹೋದ ದಿನ 90 ಲಕ್ಷ ಆಗಿದ್ದರೆ, ಅಲ್ಲಿನ ತೆರಿಗೆ 90 ಲಕ್ಷದ ಮೇಲಿನ ಲಾಭಕ್ಕೆ ಮಾತ್ರ. ಆ ದಿನದ ಬೆಲೆಗೆ ವ್ಯಾಲ್ಯುಯರ್ ಹತ್ತಿರ ಒಂದು ಪತ್ರ ಮಾಡಿಸಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಹೂಡಿಕೆಯಾಗಿ ಇಟ್ಟ ವಿದೇಶಿ ಆಸ್ತಿ ಒಂದು ಲಕ್ಷ ಡಾಲರ್ ಮೀರಿದರೆ ಟಿ1135 ಎಂಬ ಫಾರಂ ಬೇರೆ ತುಂಬಬೇಕು. ಬಂದ ಮೊದಲ ವರ್ಷಕ್ಕೆ ಅದರಿಂದ ವಿನಾಯಿತಿ ಇದೆ.

ಭಾರತದ ಕಡೆ, ನೆಲೆಸಲು ಹೋದವರು ಉಳಿತಾಯ ಖಾತೆಯನ್ನು ಎನ್‌ಆರ್‌ಓ (ಹೊರದೇಶದಲ್ಲಿ ನೆಲೆಸಿದವರ ಖಾತೆ) ಮಾಡಿಸಬೇಕು. ಬ್ಯಾಂಕಿನ ಓಟಿಪಿ ಬರುವ ಸಿಮ್ ಕಾರ್ಡನ್ನು ಮಾತ್ರ ಸಾಯಲು ಬಿಡಬೇಡಿ. ನನ್ನದು ರೀಚಾರ್ಜ್ ಮರೆತು ಬಂದ್ ಆಯಿತು. ಅದನ್ನು ಸರಿ ಮಾಡಿಸಲು ಅಪ್ಪ ಎರಡು ಸಲ ಬ್ಯಾಂಕಿಗೆ ಅಲೆದರು.

ಡ್ರೈವಿಂಗ್ ಲೈಸೆನ್ಸಿನದೂ ಹೊರಡುವ ಮುಂಚಿನ ಕೆಲಸವೇ. ನಮ್ಮ ಲೈಸೆನ್ಸ್ ಒಂಟಾರಿಯೊದಲ್ಲಿ 60 ದಿನ ನಡೆಯುತ್ತದೆ, ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾಗಳಲ್ಲಿ 90 ದಿನ. ಎರಡು ವರ್ಷಕ್ಕಿಂತ ಜಾಸ್ತಿ ಅನುಭವ ಇದೆ ಎಂದು ಆರ್‌ಟಿಓ ಕೊಟ್ಟ ಪತ್ರ ಇದ್ದರೆ ಒಂಟಾರಿಯೊದಲ್ಲಿ ಕಾಯದೆ ನೇರ ದೊಡ್ಡ ಟೆಸ್ಟಿಗೆ ಹೋಗಬಹುದು. ಮಕ್ಕಳ ಲಸಿಕೆ ಪುಸ್ತಕವನ್ನು ಡಾಕ್ಟರ ಹತ್ತಿರ ಸ್ಪಷ್ಟವಾಗಿ ಟೈಪ್ ಮಾಡಿಸಿಕೊಳ್ಳಿ. ಶಾಲೆಯಲ್ಲಿ ಕೇಳುತ್ತಾರೆ, ಮತ್ತು ನಮ್ಮ ಡಾಕ್ಟರ ಕೈಬರಹವನ್ನು ಓದುವವರು ಅಲ್ಲಿಲ್ಲ.

ಊರಿನ ಮಾತು, ಚುಟುಕಾಗಿ

ಕೆಲಸ ಎಲ್ಲಿ ಸಿಗುತ್ತದೋ ಅದೇ ಊರು. ಅದು ಗೊತ್ತಿಲ್ಲದಿದ್ದರೆ ಮೊದಲ ಮೂರು ತಿಂಗಳು ಊಟಕ್ಕೆ ಕರೆಯುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗಿ. ಟೊರೊಂಟೊ ಸುತ್ತಮುತ್ತ ಕನ್ನಡದವರು ಜಾಸ್ತಿ, ಕನ್ನಡ ಸಂಘ ಇದೆ, ಕೆಲಸಗಳೂ ಜಾಸ್ತಿ, ಬಾಡಿಗೆಯೂ ಜಾಸ್ತಿ. ಆಲ್ಬರ್ಟಾದಲ್ಲಿ ಪ್ರಾಂತ್ಯದ ಮಾರಾಟ ತೆರಿಗೆ ಇಲ್ಲ. ಬಿಲ್ಲಿನ ಮೇಲೆ 5 ಶೇಕಡಾ ಮಾತ್ರ ಬೀಳುತ್ತದೆ. ಒಂಟಾರಿಯೊದಲ್ಲಿ 13. ಚಳಿಯ ವಿಷಯದಲ್ಲಿ ಎರಡೂ ಒಂದೇ, ಯಾರೂ ನಿಮ್ಮನ್ನು ಉಳಿಸುವುದಿಲ್ಲ. ಒಂದು ಪ್ರಾಂತ್ಯದ ನಾಮಿನೇಶನ್ (ಶಿಫಾರಸು) ಮೇಲೆ ಪಿಆರ್ ಬಂದಿದ್ದರೆ ಅಲ್ಲಿಗೇ ಹೋಗಿ. ಅಲ್ಲಿ ನೆಲೆಸುತ್ತೇನೆ ಎಂದು ಮಾತು ಕೊಟ್ಟಿರುತ್ತೀರಿ.

ಆರೋಗ್ಯ ವಿಮೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಒಂಟಾರಿಯೊದಲ್ಲಿ ಇದ್ದ ಮೂರು ತಿಂಗಳ ಕಾಯುವಿಕೆಯನ್ನು 2020ರಲ್ಲಿ ತೆಗೆದರು. ಆಲ್ಬರ್ಟಾದಲ್ಲೂ ಬೇಗ ಅರ್ಜಿ ಹಾಕಿದರೆ ಬಂದ ದಿನದಿಂದಲೇ ಸಿಗುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಮುಗಿದು ಇನ್ನೂ ಎರಡು ತಿಂಗಳು ಕಾಯಬೇಕು. ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿಕೊಂಡೇ ವಿಮಾನ ಹತ್ತಿ. ಒಟ್ಟಿಗೆ ಇಳಿದು ವಾಪಸ್ ಹೋಗುವ ಮನೆಯವರಿಗೆ ಮಾತ್ರ ಮೊದಲ ಸಲ ಈ ಆರೋಗ್ಯ ವಿಮೆಯ ಕಾರ್ಡ್ ಮಾಡಿಸಲು ಹೋಗಬೇಡಿ. ಒಂಟಾರಿಯೊದಲ್ಲಿ ಮೊದಲ 183 ದಿನದಲ್ಲಿ 153 ದಿನ ಅಲ್ಲೇ ಇರಬೇಕೆಂಬ ಷರತ್ತು ಇದೆ.

ಕ್ಯಾಲ್ಗರಿಗೋ ಹ್ಯಾಲಿಫ್ಯಾಕ್ಸಿಗೋ ಹೋಗುವವರು ಟೊರೊಂಟೊದಲ್ಲಿ ವಿಮಾನ ಬದಲಾಯಿಸುವುದಾದರೆ ಲ್ಯಾಂಡಿಂಗ್ ಕೆಲಸ ಟೊರೊಂಟೊದಲ್ಲೇ ಆಗುತ್ತದೆ. ಮಧ್ಯೆ ನಾಲ್ಕು ಗಂಟೆಯಾದರೂ ಬಿಡುವು ಇರಲಿ. ಸಿಓಪಿಆರ್, ಒಡವೆ ಪಟ್ಟಿ ಎರಡೂ ಕೈಚೀಲದಲ್ಲಿರಲಿ. ಭಾರತದಲ್ಲಿ ಕೂತು, ನೋಡದ ಮನೆಗೆ ಯಾರೇ ಕೇಳಿದರೂ ಅಡ್ವಾನ್ಸ್ ಕಳಿಸಬೇಡಿ. ಮೊದಲ ಎರಡು ವಾರಕ್ಕೆ ಪರಿಚಯದವರ ಮನೆ ಸಿಕ್ಕರೆ ಸರಿ, ಇಲ್ಲದಿದ್ದರೆ ದಿನದ ಬಾಡಿಗೆಯ ರೂಮು ಹಿಡಿದು, ಬಂದ ಮೇಲೆ ನಡೆದಾಡಿ ಮನೆ ನೋಡಿ.

ಆ ಗೆಳೆಯ ನಿನ್ನೆ ಮತ್ತೆ ಫೋನ್ ಮಾಡಿದ್ದ. ಅವನ ಹೆಂಡತಿಯೇ ಪ್ರೈಮರಿ ಅಪ್ಲಿಕೆಂಟ್, ಅವಳು ನರ್ಸ್. ಮಗಳ ತಾರೀಖಿಗೆ ಮೊದಲು ಮೂವರೂ ಇಳಿಯುತ್ತಾರೆ. ಹೆಂಡತಿ ಉಳಿದು ನರ್ಸ್ ಲೈಸೆನ್ಸ್ ಪರೀಕ್ಷೆಗಳಿಗೆ ಓದುತ್ತಾಳೆ. ಅವನು ಮಗಳ ಜೊತೆ ವಾಪಸ್ ಬಂದು ಏಪ್ರಿಲ್‌ವರೆಗೆ ಮನೆ ನೋಡಿಕೊಳ್ಳುತ್ತಾನೆ. "ಅಡಿಗೆ ಗೊತ್ತೇನೋ ನಿಂಗೆ?" ಅಂದೆ. ಅಮ್ಮ ಹಾಸನದಿಂದ ಬರ್ತಾರಂತೆ.